ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯನ್ನು ಮುಚ್ಚಿದವರಾರು?

ಗದಗ ಜಿಲ್ಲೆಯ ಬಾಳೆಹೊಸೂರಿನಲ್ಲಿ ನಾಲ್ಕೆಕರೆ ಮಳೆಯಾಶ್ರಿತ ಹೊಲ ಇರುವ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅವನಿಗೆ ಹೆಸರು ಬೇಡ. ಯಾಕೆಂದರೆ ಅವನು ಒಬ್ಬನಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಊರೂರಲ್ಲೂ ಇದ್ದಾನೆ. ಮಕ್ಕಳು ದುಡಿಯಲು ಗೋವಾಕ್ಕೋ ಹುಬ್ಬಳ್ಳಿಗೋ ಹೋಗಿದ್ದಾರೆ. ಹರಗುವುದಕ್ಕೂ ಬಿತ್ತುವುದಕ್ಕೂ ಬಾಡಿಗೆಯ ಟ್ರ್ಯಾಕ್ಟರ್ ಬರುತ್ತದೆ. ಕೊಟ್ಟಿಗೆಯಲ್ಲಿ ಮಾತ್ರ ಎರಡು ಎತ್ತುಗಳು ನಿಂತಿವೆ. ಹತ್ತು ವರ್ಷ ಈ ಮನೆಗೆ ಅನ್ನ ಹಾಕಿದ ಜೋಡಿ. ಕಾರ ಹುಣ್ಣಿಮೆಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸಿದ ಜೋಡಿ. ಈಗ ರೈತನ ಮೊಣಕಾಲು ನೋಯುತ್ತದೆ. ಬಣವೆ ಕರಗುತ್ತಿದೆ. ಸೊಸೆಗೆ ಸಗಣಿ ಬಾಚಲು ಪುರುಸೊತ್ತಿಲ್ಲ. ಎತ್ತುಗಳನ್ನು ಇಟ್ಟುಕೊಳ್ಳಲು ಅವನಿಂದ ಆಗುವುದಿಲ್ಲ.

ಅವನ ಮುಂದಿರುವ ದಾರಿಗಳು ಯಾವುವು? ಸಂತೆಗೆ ಹೊಡೆದುಕೊಂಡು ಹೋಗಬಹುದು. ಆದರೆ ದಾರಿಯಲ್ಲಿ ಯಾರು ತಡೆಯುತ್ತಾರೋ, ಏನು ಕೇಳುತ್ತಾರೋ ಎಂಬ ಭಯ. ಗೋಶಾಲೆಗೆ ಬಿಟ್ಟು ಬರಬಹುದು. ಆದರೆ ಅಲ್ಲಿ ಜಾಗ ಇದೆಯೇ, ಮೇವು ಇದೆಯೇ ಎಂಬುದು ಗೊತ್ತಿಲ್ಲ. ಅಥವಾ ಒಂದು ರಾತ್ರಿ ಕಣ್ಣಿ ಬಿಚ್ಚಿ, ಹೆದ್ದಾರಿಯ ಕಡೆ ಅಟ್ಟಿ, ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಬಹುದು.

ಇವಲ್ಲದೆ ಇನ್ನೊಂದು ದಾರಿಯಿದೆ. ಎರಡು ಹರದಾರಿ ಆಚೆಯ ಊರಲ್ಲಿ ಎರಡೆಕರೆಯ ಇನ್ನೊಬ್ಬ ರೈತನಿದ್ದಾನೆ. ಎಳೆಯ ಜೋಡಿ ಕೊಳ್ಳುವಷ್ಟು ದುಡ್ಡು ಅವನಲ್ಲಿಲ್ಲ. ಟ್ರ್ಯಾಕ್ಟರ್ ಬಾಡಿಗೆಯೂ ಭಾರ. ಬಾಯಿಗೂಡಿದ, ಪಳಗಿದ ಎತ್ತುಗಳು ಸಿಕ್ಕರೆ ಎಡೆ ಹೊಡೆಯಲು, ಗೊಬ್ಬರದ ಬಂಡಿ ಎಳೆಯಲು ಅವನಿಗೆ ಇನ್ನೂ ಮೂರು ನಾಲ್ಕು ವರ್ಷ ಸಾಕು. ಇವನಿಗೆ ಬೇಡವಾದದ್ದು ಅವನಿಗೆ ಬೇಕಾಗಿದೆ. ಇಬ್ಬರಿಗೂ ಪರಸ್ಪರ ಗೊತ್ತಿಲ್ಲ ಅಷ್ಟೆ. ಗೊತ್ತು ಮಾಡಿಸುವುದು ಯಾರ ಕೆಲಸ? ನಮ್ಮ ಸರಕಾರ, ನಮ್ಮ ಸಂಘಟನೆಗಳು, ನಮ್ಮ ಧಾರ್ಮಿಕ ಕೇಂದ್ರಗಳು ಪ್ರಾಣಿದಯೆಯ ಬಗ್ಗೆ ಇಷ್ಟೊಂದು ಮಾತಾಡುತ್ತವಲ್ಲ, ಇಷ್ಟು ಸಣ್ಣ ಕೆಲಸವನ್ನು ಯಾಕೆ ಮಾಡುವುದಿಲ್ಲ? ನಮ್ಮ ತಕರಾರು ಇರುವುದು ಇಲ್ಲಿಯೇ.

ಹಿಂದೆ ಈ ಕೆಲಸಕ್ಕೆ ಯಾವ ಯೋಜನೆಯೂ ಬೇಕಿರಲಿಲ್ಲ. ದನದ ಸಂತೆಯೇ ಅದನ್ನು ಮಾಡುತ್ತಿತ್ತು. ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಗೆ ಯಾರ ಮನೆಯಲ್ಲಿ ಎಷ್ಟು ದನ, ಯಾರಿಗೆ ಮೇವು ಸಾಲದು, ಯಾರ ಎತ್ತಿನ ಜೊತೆ ಸತ್ತು ಒಂಟಿಯಾಗಿದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಈ ದಲ್ಲಾಳಿಗಳಲ್ಲಿ, ವ್ಯಾಪಾರಿಗಳಲ್ಲಿ ಮುಸ್ಲಿಮರೂ ಇದ್ದರು, ಲಿಂಗಾಯತರೂ ಇದ್ದರು, ಕುರುಬರೂ ಇದ್ದರು. ಸಂತೆಯ ಹೊರಗೆ ಪಾಲಿಗೆ ಸಾಕಲು ಕೊಡುವ ಪದ್ಧತಿಯೂ ಇತ್ತು. ಮೇವಿಲ್ಲದವರು ಮೇವಿದ್ದವರ ಮನೆಗೆ ಮಣಕವನ್ನೋ ಬತ್ತಿದ ಆಕಳನ್ನೋ ಬಿಡುತ್ತಿದ್ದರು. ಕರುವಿನಲ್ಲಿ ಅಥವಾ ಮಾರಿದ ಹಣದಲ್ಲಿ ಇಬ್ಬರಿಗೂ ಪಾಲು. "ಕಾಕಾ, ನಮ್ಮ ಆಕಳಾ ಈ ಬ್ಯಾಸಗಿ ದಾಟೂತನಾ ನಿಮ್ಮಲ್ಲೇ ಇರ್ಲಿ" ಎಂದರೆ ಮಾತು ಮುಗಿಯುತ್ತಿತ್ತು. ಆ ಕಾಕಾ ಯಾವ ಜಾತಿ, ಯಾವ ಧರ್ಮ ಎಂದು ಆಕಳೂ ಕೇಳುತ್ತಿರಲಿಲ್ಲ, ಅದರ ಒಡೆಯನೂ ಕೇಳುತ್ತಿರಲಿಲ್ಲ.

ಭಯ ಬಂದದ್ದು ಎಲ್ಲಿಂದ?

ರಾಜ್ಯದಲ್ಲಿ 1964ರ ಕಾಯ್ದೆಯಡಿ ಹನ್ನೆರಡು ವರ್ಷ ದಾಟಿದ ಎತ್ತು ಮತ್ತು ಎಮ್ಮೆ-ಕೋಣಗಳನ್ನು ಪ್ರಮಾಣಪತ್ರ ಪಡೆದು ವಧೆಗೆ ಕೊಡಲು ಅವಕಾಶವಿತ್ತು. 2021ರ ಜನವರಿಯಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಕಾಯ್ದೆಯಾಗಿ ಬಂದ ಹೊಸ ಕಾನೂನು ಹದಿಮೂರು ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ವಧೆಯನ್ನು ನಿಷೇಧಿಸಿತು. ಮೂರರಿಂದ ಏಳು ವರ್ಷ ಜೈಲು. ಮೊದಲ ಅಪರಾಧಕ್ಕೇ ಐವತ್ತು ಸಾವಿರದಿಂದ ಐದು ಲಕ್ಷ ರೂಪಾಯಿ ದಂಡ. ವಧೆಯ ಪರ-ವಿರೋಧದ ಚರ್ಚೆ ನಮ್ಮ ಇವತ್ತಿನ ವಿಷಯವಲ್ಲ. ನಾವು ಹೇಳುವುದಿಷ್ಟೇ: ಕೃಷಿಗಾಗಿ, ಸಾಕಣೆಗಾಗಿ ಜಾನುವಾರನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವುದನ್ನು ಈ ಕಾನೂನು ಕೂಡ ನಿಷೇಧಿಸಿಲ್ಲ. ಆದರೆ ಕಾನೂನಿನ ಅಕ್ಷರ ಬೇರೆ, ರಸ್ತೆಯ ಮೇಲಿನ ಕಾನೂನು ಬೇರೆ. ಟೆಂಪೋದಲ್ಲಿ ಎರಡು ದನ ಕಂಡರೆ ಸಾಕು, ಅಡ್ಡಗಟ್ಟುವ ಅಧಿಕಾರವನ್ನು ತಾವೇ ಕೊಟ್ಟುಕೊಂಡ ಗುಂಪುಗಳಿವೆ. 2023ರ ಏಪ್ರಿಲ್ 1ರಂದು ಕನಕಪುರ ತಾಲೂಕಿನ ಸಾತನೂರಿನ ಬಳಿ ಮಂಡ್ಯದ ಒಬ್ಬ ಜಾನುವಾರು ವ್ಯಾಪಾರಿ ಹೆಣವಾಗಿ ಸಿಕ್ಕರು. ಹಿಂದಿನ ರಾತ್ರಿ ಅವರಿದ್ದ ವಾಹನವನ್ನು ಗುಂಪೊಂದು ತಡೆದಿತ್ತು. ಅಂಥ ಒಂದು ಸುದ್ದಿ ನೂರು ಸಂತೆಗಳನ್ನು ಮಂಕು ಮಾಡುತ್ತದೆ. ವ್ಯಾಪಾರಿ ಹೆದರಿದರೆ ನಷ್ಟ ಬರೀ ವ್ಯಾಪಾರಿಗಲ್ಲ. ಬಾಳೆಹೊಸೂರಿನ ರೈತನಿಗೂ ನಷ್ಟ, ಎರಡು ಹರದಾರಿ ಆಚೆಯ ರೈತನಿಗೂ ನಷ್ಟ. ಎಲ್ಲರಿಗಿಂತ ಹೆಚ್ಚಿನ ನಷ್ಟ ಆ ಎತ್ತುಗಳಿಗೆ.

ಇದರ ಮೇಲೆ 2022ರಲ್ಲಿ ಚರ್ಮಗಂಟು ರೋಗ ಬಂತು. ರೋಗ ಹರಡದಿರಲಿ ಎಂದು ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಅದು ಸರಿಯಾದ ಕ್ರಮವೇ. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಹೀಗೆ ಕಾನೂನು, ಗುಂಪು, ರೋಗ, ಬರ ಒಂದರ ಹಿಂದೆ ಒಂದು ಬಂದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯ ಮೇಲೆ ಮುಳ್ಳು ಹಾಕಿದವು. 2012ರ ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷ ದನಗಳಿದ್ದವು. 2019ರ ಗಣತಿಯ ಹೊತ್ತಿಗೆ, ಅಂದರೆ ಹೊಸ ಕಾನೂನಿಗೂ ಮೊದಲೇ, ಅದು ಸುಮಾರು 85 ಲಕ್ಷಕ್ಕೆ ಇಳಿದಿತ್ತು. ರೈತ ದನ ಸಾಕುವುದನ್ನೇ ಬಿಡುತ್ತಿದ್ದಾನೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ? ಕೊಡುವ ದಾರಿ ಇಲ್ಲದ ಮೇಲೆ ಕಟ್ಟುವ ಧೈರ್ಯ ಯಾರಿಗೆ ಬರುತ್ತದೆ?

ಗೋಶಾಲೆ ಎಂಬ ಸುಲಭ ಉತ್ತರ

ಈ ಪ್ರಶ್ನೆ ಎತ್ತಿದ ಕೂಡಲೇ ಬರುವ ಉತ್ತರ ಒಂದೇ: ಗೋಶಾಲೆ ಕಟ್ಟೋಣ. ಗಾಯಗೊಂಡ, ಒಡೆಯರೇ ಇಲ್ಲದ, ವಶಪಡಿಸಿಕೊಂಡ ಪ್ರಾಣಿಗಳಿಗೆ ಆಶ್ರಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶ್ರದ್ಧೆಯಿಂದ ಆ ಕೆಲಸ ಮಾಡುವವರನ್ನು ನಾವು ಗೌರವಿಸುತ್ತೇವೆ. ಆದರೆ ಒಡೆಯನಿರುವ, ಆರೋಗ್ಯವಾಗಿರುವ, ಬೇರೆಯವರಿಗೆ ಬೇಕಾಗಿರುವ ಪ್ರಾಣಿಯನ್ನು ಕೂಡ ಅಲ್ಲಿಗೇ ತಂದು ತುಂಬಿದರೆ ಏನಾಗುತ್ತದೆ? ಕಾಲು ಮುರಿದ ಆಕಳಿಗೆ ಜಾಗ ಇಲ್ಲದಂತಾಗುತ್ತದೆ. 2016ರಲ್ಲಿ ಜೈಪುರದ ಹಿಂಗೋನಿಯಾ ಗೋಶಾಲೆಯಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ಕೆಲವೇ ದಿನಗಳಲ್ಲಿ ನೂರಾರು ಹಸುಗಳು ಕೆಸರಿನಲ್ಲಿ ಹೂತು, ಹಸಿದು ಸತ್ತವು. ಸಾವಿರಾರು ಪ್ರಾಣಿಗಳನ್ನು ಒಂದೆಡೆ ಕೂಡಿಹಾಕಿ ಅವುಗಳ ಜೀವವನ್ನು ಸಂಬಳದ ಕೈಗಳಿಗೆ ಒಪ್ಪಿಸಿದರೆ, ಆ ಕೈಗಳು ನಿಂತ ದಿನ ಎಲ್ಲವೂ ನಿಲ್ಲುತ್ತದೆ. ಮನೆಯ ಕೊಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಯಜಮಾನನಿಗೆ ಜ್ವರ ಬಂದರೆ ಹೆಂಡತಿ ನೀರು ತೋರಿಸುತ್ತಾಳೆ, ಆಕೆ ಊರಿಗೆ ಹೋದರೆ ಪಕ್ಕದ ಮನೆಯ ಹುಡುಗ ಕಣಿಕೆ ಹಾಕುತ್ತಾನೆ.

ಉತ್ತರ ಪ್ರದೇಶದ ಅನುಭವವನ್ನೂ ನೋಡೋಣ. 2018ರ ಕೊನೆಯ ಹೊತ್ತಿಗೆ ಅಲಿಗಢದ ರೈತರು ಬೆಳೆ ತಿನ್ನುವ ಬಿಡಾಡಿ ದನಗಳನ್ನು ಹಿಡಿದು ಶಾಲೆಗಳೊಳಗೆ ಕೂಡಿಹಾಕಿದರು. ಅಲ್ಲಿನ ಸರಕಾರ ಆಶ್ರಯ ಕೇಂದ್ರಗಳನ್ನು ಕಟ್ಟಿತು, ಅವು ಸಾಲಲಿಲ್ಲ. ಕೊನೆಗೆ 2019ರಲ್ಲಿ, ಬಿಡಾಡಿ ದನವನ್ನು ಮನೆಗೆ ಒಯ್ದು ಸಾಕುವವರಿಗೆ ದಿನಕ್ಕೆ ಮೂವತ್ತು ರೂಪಾಯಿ ಕೊಡುವ ಯೋಜನೆಯನ್ನು ತಂದಿತು. ಎಷ್ಟು ಕಟ್ಟಡ ಕಟ್ಟಿದರೂ ಕೊನೆಗೆ ಸರಕಾರ ಬಾಗಿಲು ತಟ್ಟಿದ್ದು ಮನೆಯದ್ದೇ ಎಂಬುದನ್ನು ಗಮನಿಸಬೇಕು.

ನಮ್ಮ ರಾಜ್ಯ ಏನು ಮಾಡಿತು? 2022ರಲ್ಲಿ 'ಪುಣ್ಯಕೋಟಿ ದತ್ತು ಯೋಜನೆ' ಎಂಬುದನ್ನು ಆರಂಭಿಸಿತು. ವರ್ಷಕ್ಕೆ 11 ಸಾವಿರ ರೂಪಾಯಿ ಕೊಟ್ಟರೆ ಗೋಶಾಲೆಯಲ್ಲಿರುವ ಒಂದು ಹಸುವನ್ನು ದತ್ತು ತೆಗೆದುಕೊಂಡಂತೆ. ಹಸು ಇರುವುದು ಗೋಶಾಲೆಯಲ್ಲೇ, ದತ್ತು ಪಡೆದವರು ಇರುವುದು ಬೆಂಗಳೂರಿನಲ್ಲೇ. 11 ಸಾವಿರವನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ ಮೂವತ್ತು ರೂಪಾಯಿ. ಮುನ್ನೂರು ಕಿಲೋ ತೂಗುವ ಎತ್ತಿಗೆ ದಿನಕ್ಕೆ ಆರೇಳು ಕಿಲೋ ಒಣ ಮೇವು ಬೇಕು. ಆಳಿನ ಕೂಲಿ, ಔಷಧಿ, ನೀರು ಬೇರೆ. ಈ ಹಣದಲ್ಲಿ ಗೋಶಾಲೆ ನಡೆಸುವುದು ಕಷ್ಟ. ಆದರೆ ಇದೇ ಮೂವತ್ತು ರೂಪಾಯಿ ಎರಡೆಕರೆಯ ರೈತನ ಕೈಗೆ ಬಂದರೆ? ಅವನಲ್ಲಿ ಕೊಟ್ಟಿಗೆ ಈಗಾಗಲೇ ಇದೆ, ಹೊಲದ ಬದುವಿನಲ್ಲಿ ಹುಲ್ಲಿದೆ, ಸಗಣಿ ತಿಪ್ಪೆಗೆ ಬೀಳುತ್ತದೆ. ಅಲ್ಲಿ ಆ ಹಣ ನಿಜವಾಗಿ ಮೇವಾಗುತ್ತದೆ. ಹಾಗಿರುವಾಗ ಗೋಶಾಲೆಗೆ ಹೋಗುವ ಹಣ ಮನೆಗೆ ಯಾಕೆ ಬರಬಾರದು?

ಆ ಯೋಜನೆಗೆ ಹೆಸರು ಕೊಟ್ಟ ಗೋವಿನ ಹಾಡಿನ ಕಥೆ ಕನ್ನಡದ ಪ್ರತಿ ಮಗುವಿಗೂ ಗೊತ್ತು. ಹುಲಿಯ ಬಳಿಗೆ ಹೊರಡುವ ಮುನ್ನ ಪುಣ್ಯಕೋಟಿ ತನ್ನ ಕರುವನ್ನು ಎಲ್ಲಿ ಬಿಟ್ಟಿತು? ಯಾವ ಆಶ್ರಮದಲ್ಲೂ ಅಲ್ಲ. ತನ್ನ ಜೊತೆಗಿದ್ದ ಹಸುಗಳ ಬಳಿಗೆ ಕರೆದೊಯ್ದು, ಇವನನ್ನು ನಿಮ್ಮ ಕಂದನೆಂದೇ ನೋಡಿಕೊಳ್ಳಿ ಎಂದು ಕೈಯೊಪ್ಪಿಸಿತು. ಬಲ್ಲವರಿಗೆ, ಎದುರು ನಿಂತು, ಮಾತು ತೆಗೆದುಕೊಂಡು ಒಪ್ಪಿಸಿತು. ಹೆಸರನ್ನು ಎರವಲು ಪಡೆದವರು ಕಥೆಯ ಈ ಭಾಗವನ್ನು ಮರೆತದ್ದು ವಿಪರ್ಯಾಸ.

ಪೇಟೆಯವರು ನಗಬೇಕಿಲ್ಲ

ಇದು ಹಳ್ಳಿಯ, ದನದ ಸಮಸ್ಯೆ ಎಂದು ಪೇಟೆಯ ಓದುಗರು ಪುಟ ತಿರುಗಿಸಬೇಕಿಲ್ಲ. ನಾಯಿ, ಬೆಕ್ಕುಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದಕ್ಕಿಂತ ಕೆಟ್ಟದ್ದು. ಮಕ್ಕಳ ಹಠಕ್ಕೆ ಸಾವಿರಾರು ರೂಪಾಯಿ ಕೊಟ್ಟು ಜಾತಿ ನಾಯಿಯ ಮರಿ ತರುತ್ತೇವೆ. ಬಾಡಿಗೆ ಮನೆ ಬದಲಾದಾಗ, ಮಗಳ ಮದುವೆಯಾದಾಗ, ವಿದೇಶಕ್ಕೆ ಹೊರಟಾಗ ಅದು ಭಾರವಾಗುತ್ತದೆ. ಆಗ ಒಂದು ಮುಂಜಾನೆ ಆಶ್ರಯ ಕೇಂದ್ರದ ಗೇಟಿಗೆ ಕಟ್ಟಿ ಬರುತ್ತೇವೆ. ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಸುರಿದು, 'ಅಲ್ಲಿ ತಿನ್ನಲು ಸಿಗುತ್ತದೆ' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ! ಒಂದು ಕಡೆ ದನದ ಹೆಸರಿನಲ್ಲಿ ಲಕ್ಷಗಟ್ಟಲೆ ದಂಡ, ಇನ್ನೊಂದು ಕಡೆ ತೊರೆದವನಿಗೆ ಚಹಾ-ತಿಂಡಿಯ ಖರ್ಚಿನಷ್ಟು ದಂಡ. ಪ್ರಾಣಿದಯೆಯೇ ಉದ್ದೇಶವಾಗಿದ್ದರೆ ಈ ವ್ಯತ್ಯಾಸ ಯಾಕೆ?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಿಗೆ ಸಾಗಿಸುವಂತೆ ಆದೇಶಿಸಿತು. ಹನ್ನೊಂದು ದಿನಗಳ ಬಳಿಕ, 22ರಂದು, ದೊಡ್ಡ ಪೀಠ ಆ ಆದೇಶವನ್ನು ಮಾರ್ಪಡಿಸಿತು: ರೇಬಿಸ್ ತಗಲಿದ, ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಕಡೆಗಳಿಂದ ಹಿಡಿದವನ್ನು ಮಾತ್ರ ಆಶ್ರಯ ಕೇಂದ್ರದಲ್ಲೇ ಇಡಬೇಕೆಂಬ ಆದೇಶ ಬಂತು. ಮಕ್ಕಳನ್ನು ನಾಯಿ ಕಚ್ಚುವುದನ್ನು ನಾವು ಹಗುರವಾಗಿ ನೋಡುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ದೇಶದ ಯಾವ ನಗರದಲ್ಲೂ ಬೀದಿಯ ಎಲ್ಲ ನಾಯಿಗಳಿಗೆ ಸಾಲುವಷ್ಟು ಆಶ್ರಯವಿಲ್ಲ. ಅದರ ಮೇಲೆ ಒಡೆಯರಿರುವ ನಾಯಿಗಳನ್ನೂ ತಂದು ಸುರಿಯುವುದು ಯಾವ ನ್ಯಾಯ?

ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಯೊಬ್ಬಳು ಶಿಕ್ಷೆಗೆ ಗುರಿಯಾದ ವಿಷಯವನ್ನು ಪ್ರವಾದಿ(ಸ) ತಿಳಿಸಿದ್ದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ವೇದಿಕೆಯಲ್ಲಿ ಹೇಳಿ ಮನೆಗೆ ಬಂದು ಪರ್ಷಿಯನ್ ಬೆಕ್ಕನ್ನು ಪಂಜರದಲ್ಲಿಟ್ಟು ರಜೆಗೆ ಹೋಗುವವರೂ ನಮ್ಮಲ್ಲಿದ್ದಾರೆ. ಉಳುವವನಿಗೆಂದು ನಂಬಿಸಿ ಎತ್ತು ಕೊಂಡು ಬೇರೆಡೆ ಸಾಗಿಸುವ, ಹತ್ತು ದನದ ಜಾಗದಲ್ಲಿ ಇಪ್ಪತ್ತು ತುರುಕುವ ವ್ಯಾಪಾರಿಗಳೂ ಇದ್ದಾರೆ. ಅವರನ್ನು ನಾವು ಸಮರ್ಥಿಸುವುದಿಲ್ಲ. ಪ್ರಾಮಾಣಿಕ ವ್ಯಾಪಾರಿಯ ಮೇಲೆ ಬೀಳುವ ಸಂಶಯದಲ್ಲಿ ಅವರ ಪಾಲೂ ಇದೆ.

ನೇರವಾಗಿ ಕೊಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ

'ನೇರವಾಗಿ ಕೊಡಿ ಎನ್ನುತ್ತೀರಿ, ಅದು ಕಸಾಯಿಖಾನೆಗೆ ಹೋಗುವುದಿಲ್ಲ ಎಂಬ ಖಾತ್ರಿ ಏನು?' ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವೇ. ಆದರೆ ರಾತ್ರಿ ಕಣ್ಣಿ ಬಿಚ್ಚಿ ಹೆದ್ದಾರಿಗೆ ಅಟ್ಟಿದ ಎತ್ತಿಗೆ ಯಾವ ಖಾತ್ರಿ ಇದೆ? ಅದು ಲಾರಿಗೆ ಸಿಗಬಹುದು, ಕಳ್ಳರಿಗೆ ಸಿಗಬಹುದು. ಕತ್ತಲಲ್ಲಿ ಕೈಬಿಟ್ಟ ಪ್ರಾಣಿಗಿಂತ, ಹಗಲಲ್ಲಿ, ಮುಖ ನೋಡಿ, ಊರಿಗೆ ಗೊತ್ತಾಗುವಂತೆ ಕೊಟ್ಟ ಪ್ರಾಣಿಯೇ ಹೆಚ್ಚು ಸುರಕ್ಷಿತ.

ಅದಕ್ಕೆ ಬೇಕಾದ ವ್ಯವಸ್ಥೆ ದೊಡ್ಡದಲ್ಲ. ಹಾಲಿನ ಡೇರಿಯಲ್ಲೋ ಪಂಚಾಯತಿ ಕಚೇರಿಯಲ್ಲೋ ಒಂದು ವಹಿ ಇರಲಿ. ಒಂದು ಬದಿಗೆ ಕೊಡುವವರು, ಇನ್ನೊಂದು ಬದಿಗೆ ಬೇಕಾದವರು. ಎಷ್ಟು ಹಲ್ಲು, ಹಾಯುವ ಚಾಳಿ ಇದೆಯೇ, ಯಾವ ರೋಗ ಬಂದಿತ್ತು, ಯಾಕೆ ಕೊಡುತ್ತಿದ್ದೇವೆ ಎಂಬುದನ್ನು ಮುಚ್ಚಿಡದೆ ಬರೆಯಲಿ. ಎತ್ತಿಗೂ ಅಷ್ಟೇ, ನಾಯಿಗೂ ಅಷ್ಟೇ. ಮಕ್ಕಳನ್ನು ಕಂಡರೆ ಗುರ್ ಎನ್ನುವ ನಾಯಿಯನ್ನು ಸಾಧು ಎಂದು ಹೇಳಿ ದಾಟಿಸಿದರೆ ಹತ್ತು ದಿನಗಳಲ್ಲಿ ಅದು ಬೀದಿಗೆ ಬರುತ್ತದೆ. ಕೊಡುವವನು ತೆಗೆದುಕೊಳ್ಳುವವನ ಮನೆಗೆ ಒಮ್ಮೆ ಹೋಗಿ ಬರಲಿ. ನೀರು ಎಲ್ಲಿಂದ, ನೆರಳು ಇದೆಯೇ, ಹಿಂದೆ ಸಾಕಿದ್ದು ಏನಾಯಿತು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಾವು ಮಗಳನ್ನು ಕೊಡುವ ಮನೆಯನ್ನು ನೋಡದೆ ಕೊಡುತ್ತೇವೆಯೇ? ಹದಿನೈದು ದಿನ ನೋಡಿ, ಹೊಂದಿಕೆಯಾಗದಿದ್ದರೆ ಬೇರೆಯವರಿಗೆ ದಾಟಿಸಬೇಡಿ, ನನಗೇ ವಾಪಸು ತನ್ನಿ ಎಂಬ ಮಾತು ಮೊದಲೇ ಆಗಲಿ. ಜೊತೆಗೆ ಒಂದು ಹೇರು ಕಣಿಕೆಯನ್ನೋ, ನಾಯಿಯಾದರೆ ಅದು ಮಲಗುವ ಚಾಪೆಯನ್ನು, ಲಸಿಕೆಯ ಕಾರ್ಡನ್ನೋ ಕಳಿಸಲಿ.

ಇನ್ನು ಕಾಗದದ ಮಾತು. ಜಾನುವಾರುಗಳ ಕಿವಿಗೆ ಈಗ ಹನ್ನೆರಡು ಅಂಕೆಗಳ ಓಲೆ ಹಾಕಲಾಗುತ್ತಿದೆ. ಆ ಸಂಖ್ಯೆಯ ಜೊತೆಗೆ ಕೊಟ್ಟವರ, ಪಡೆದವರ ಹೆಸರು ಬರೆದ ಒಂದು ಚೀಟಿಗೆ ಊರಿನ ಪಶುವೈದ್ಯರೋ ಪಂಚಾಯತಿ ಅಧಿಕಾರಿಯೋ ಅದೇ ದಿನ, ಶುಲ್ಕವಿಲ್ಲದೆ, ಸಹಿ ಮಾಡುವ ವ್ಯವಸ್ಥೆಯಾಗಲಿ. ಆ ಚೀಟಿ ಇರುವ ಬಂಡಿಯನ್ನು ಪೊಲೀಸರಲ್ಲದ ಯಾರೂ ತಡೆಯಕೂಡದು, ತಡೆದವರ ಮೇಲೆ ಮೊಕದ್ದಮೆ ದಾಖಲಾಗಬೇಕು. ಪೊಲೀಸರೂ ಚೀಟಿ ನೋಡಿದ ಮೇಲೆ ಬಿಡಬೇಕು. ಇಷ್ಟು ಆಗದಿದ್ದರೆ ಉಳಿದದ್ದೆಲ್ಲ ಬರೀ ಉಪದೇಶ.

ಯಾರಿಗೂ ಬೇಡವಾದ, ಎದ್ದು ನಿಲ್ಲಲೂ ಕಷ್ಟಪಡುವ ಮುದಿ ಎತ್ತಿಗೆ ವಹಿಯಲ್ಲಿ ಮನೆ ಸಿಗಲಿಕ್ಕಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಅಂಥದ್ದನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆಗೆ, ಅದು ಅದರ ಸ್ವಂತ ಮನೆಯೇ ಆಗಿರಲಿ, ಗೋಶಾಲೆಗೆ ಕೊಡುವಷ್ಟೇ ಹಣವನ್ನು ಸರಕಾರ ನೇರವಾಗಿ ಕೊಡಲಿ. ರೈತ ದನ ಸಾಕಲೇಬೇಕು, ವಧೆಗೆ ಕೊಡಲೇಬಾರದು ಎಂದು ಕಾನೂನು ಮಾಡಿದವರು ಅದರ ಖರ್ಚನ್ನು ಮಾತ್ರ ರೈತನ ತಲೆಗೆ ಕಟ್ಟುವುದು ದಯೆಯಲ್ಲ, ದಬ್ಬಾಳಿಕೆ.

ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಭಾವೈಕ್ಯದ ಪರಂಪರೆ ಇರುವ ನಾಡು ಇದು. ಇಂಥ ನಾಡಿನಲ್ಲಿ ಮಠದ ಜಾತ್ರೆಯಲ್ಲೂ ಮಸೀದಿಯ ಶುಕ್ರವಾರದ ಜಮಾಅತ್‌ನಲ್ಲೂ 'ಇಂಥವರ ಮನೆಯಲ್ಲಿ ಒಂದು ಜೋಡಿ ಎತ್ತಿದೆ, ಉಳುವವರಿಗೆ ಬೇಕಿದ್ದರೆ ಹೋಗಿ ನೋಡಿ' ಎಂದು ಒಂದು ಮಾತು ಹೇಳುವುದಕ್ಕೆ ಖರ್ಚು ಏನಿದೆ? ಹಾಗೆ ಹೇಳಿದ ದಿನ ಬಾಳೆಹೊಸೂರಿನ ಆ ರೈತ ರಾತ್ರಿ ಎದ್ದು ಕಣ್ಣಿ ಬಿಚ್ಚುವುದಿಲ್ಲ. ಬೆಳಗಾಗುವುದನ್ನು ಕಾಯುತ್ತಾನೆ, ಎತ್ತುಗಳ ಮೈ ಒರೆಸುತ್ತಾನೆ, ಅವುಗಳ ಜೊತೆ ತಾನೂ ಎರಡು ಹರದಾರಿ ನಡೆಯುತ್ತಾನೆ. ಮುಂದಿನ ಕಾರ ಹುಣ್ಣಿಮೆಗೆ ಹೋಗಿ ನೋಡಿಕೊಂಡೂ ಬರುತ್ತಾನೆ.